ಕೇಳಿಸಿಕೊಳ್ಳಲು ಬಂದವರು

ಒಬ್ಬ ಸಂಶೋಧಕರನ್ನು ಮಹಡಿ ರೂಮಿನಲ್ಲಿ ಇಟ್ಟುಕೊಂಡದ್ದಕ್ಕೆ ನಮಗೆ ಬಿದ್ದ ಖರ್ಚು ಒಂದು ಬೆಳೆ ರೇಷ್ಮೆ. ಬಾಡಿಗೆಯನ್ನು ಚೌಕಾಸಿ ಮಾಡಿ ಏರಿಸಿದವನು ನಾನೇ. ಅದರಲ್ಲೇ ರೇಷ್ಮೆಹುಳು ಸಾಕುವ ಹುಳುಮನೆ ತೋರಿಸುವುದನ್ನೂ ಸೇರಿಸಿದ್ದು ನನ್ನ ಬುದ್ಧಿವಂತಿಕೆ.

ಫೆಲೋಶಿಪ್ ಮೇಲೆ ನಮ್ಮೂರು ಜಂಗಮಕೋಟೆಗೆ ಬಂದಿದ್ದ ಅವರ ವಿಷಯ ಪ್ರಾತಿನಿಧ್ಯ ಮತ್ತು ಸಾಮಾಜಿಕ ಬದಲಾವಣೆ. ರೇಷ್ಮೆ ಸಾಕುವ ಹೆಂಗಸರ ದನಿ ಎಲ್ಲೂ ದಾಖಲಾಗಿಲ್ಲ ಎಂಬುದು ಅವರ ಕೊರಗು. ಎದುರಿನವರು ಬಾಯಿ ತೆರೆಯುವ ಮೊದಲೇ ತಲೆಯಾಡಿಸುತ್ತಿದ್ದರು. ಎದೆಯ ಮೇಲೆ ಕೈಯಿಟ್ಟು, "ನಾನು ಕೇಳಿಸ್ಕೊಳ್ಳೋಕೆ ಬಂದವನು" ಎನ್ನುತ್ತಿದ್ದರು. ಆಮೇಲೆ ಅರ್ಧ ಗಂಟೆ ಅವರೇ ಮಾತಾಡುತ್ತಿದ್ದರು.

ಹುಳು ಗೂಡು ಕಟ್ಟಲು ಇನ್ನೊಂದು ವಾರವಿತ್ತು. ಅಂದು ಅವರು ಸೊಳ್ಳೆಗೆ ಹೆದರಿ ಕೈಕಾಲಿಗೆಲ್ಲ ಕ್ರೀಮು ಬಳಿದುಕೊಂಡು ಬಂದರು. ನನ್ನ ಹೆಂಡತಿ ಹುಳುಮನೆಯ ಬಾಗಿಲಲ್ಲೇ ತಡೆದಳು.

"ಒಳಗ್ ಬರ್ಬೇಡಿ ಸಾರ್, ಆ ಕ್ರೀಮಿಗೆ ಹುಳ ಸಾಯ್ತವೆ. ಸೋಪ್ ಹಾಕಿ ತೊಳ್ಕೊಂಡ್ ಬನ್ನಿ."

"ಅದ್ಭುತ! ಈ ದನಿಯೇ ನನಗೆ ಬೇಕಿದ್ದದ್ದು. ಇನ್ನೊಂದ್ಸಲ ಹೇಳಿಯಮ್ಮ" ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಒಳಗೆ ನಡೆದು, ಹುಳುಗಳನ್ನು ಪ್ರೀತಿಯಿಂದ ಸವರಿದರು. ಬಾಡಿಗೆಯ ಮುಲಾಜಿಗೆ ನಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದೆ.

ಮಾರನೆಯ ದಿನ ತಟ್ಟೆ ತಟ್ಟೆಯಲ್ಲೂ ಹುಳುಗಳು ಹಸಿರು ಕಕ್ಕಿ ಸತ್ತಿದ್ದವು. ಅವರು ಮತ್ತೆ ಫೋನು ಚಾಚಿದರು.

"ಈ ನಷ್ಟವನ್ನ ನೀವು ಹೇಗೆ ನೋಡ್ತೀರಮ್ಮ?"

"ನಾನ್ ನೋಡೋದಿರ್ಲಿ ಸಾರ್. ನೆನ್ನೆ ರೆಕಾರ್ಡ್ ಮಾಡ್ಕೊಂಡ್ರಲ್ಲ, ಅದನ್ನ ಹಾಕ್ಕೊಂಡು ಕೇಳಿ."

ಅವರು ತಲೆಯಾಡಿಸಿದರು.

ಇಂಥವರು ನಿಮ್ಮಲ್ಲಿಗೂ ಬಂದರೆ ಊಟ ಹಾಕಿ, ತೋಟ ಸುತ್ತಿಸಿ. ಹುಳುಮನೆಯ ಬೀಗದ ಕೈ ಮಾತ್ರ ಹೆಂಡತಿಯ ಸೊಂಟದಲ್ಲಿರಲಿ. ಅವಳು ಬೇಡವೆಂದಾಗ ಬಾಗಿಲಿಗೆ ಅಡ್ಡ ನಿಲ್ಲಿ, ನನ್ನಂತೆ ಪಕ್ಕಕ್ಕೆ ಸರಿಯಬೇಡಿ.