ನನ್ನ ಮಣಿಕಟ್ಟಿನ ಮೇಲೆ ಬಸವರಾಜನ ನೆಮ್ಮದಿ

ಕಳೆದ ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯ ಬಸವರಾಜ ಬಂದವನೇ ತನ್ನ ಮಣಿಕಟ್ಟಿನಿಂದ ಕಪ್ಪು ಪಟ್ಟಿಯೊಂದನ್ನು ಬಿಚ್ಚಿ ನನ್ನ ಮುಂದೆ ಹಿಡಿದ.

"ಅಕ್ಕಾರ, ಮಧ್ಯಾಹ್ನದ ತನಕಾ ಇದನ್ನ ಕಟ್ಕೋರಿ. ನಿಮ್ಮ ಕೈಯಾಗ ಹಸರ ಬರ್ತದ."

ನಾನು ಸುಲಭಕ್ಕೆ ಏನನ್ನೂ ನಂಬುವವಳಲ್ಲ, ನಿಮಗೆ ಗೊತ್ತು. ಏನಿದು ಅಂತ ಕೇಳಿದೆ.

ಬೀದರ ಕಡೆಯವನು ಅವನು. ಇಲ್ಲಿ ಮರಾಠಿ ಸೀಮೆಯ ಚಾಕಣದಲ್ಲಿ ಗಾಡಿಯ ಬಿಡಿಭಾಗ ಜೋಡಿಸುವ ಲೈನಿನಲ್ಲಿ ಕೆಲಸ. ಫ್ಯಾಕ್ಟರಿಯವರು ಎಲ್ಲರಿಗೂ ಈ ಪಟ್ಟಿ ಹಂಚಿದ್ದಾರಂತೆ. ನಾಡಿ ನೋಡಿ ಸ್ಟ್ರೆಸ್ ಅಳೆಯುತ್ತದಂತೆ. ತಣ್ಣಗಿದ್ದರೆ ಹಸಿರು, ತಲೆ ಬಿಸಿಯಾದರೆ ಕೆಂಪು. ರಜೆಯಲ್ಲೂ ಬಿಚ್ಚಿಡುವಂತಿಲ್ಲ, ಬಣ್ಣ ಫ್ಯಾಕ್ಟರಿಯಲ್ಲಿ ಕೂತವರಿಗೂ ಕಾಣುತ್ತದಂತೆ. ಜೊತೆಗೊಂದು ಟ್ರೇನಿಂಗು: ಉಸಿರು ಚಿಕ್ಕದಾಗಿ ಎಳೆದುಕೊಳ್ಳಿ, ಉದ್ದಕ್ಕೆ ಬಿಡಿ, ನರಗಳು ಸಮಾಧಾನವಾಗುತ್ತವೆ. (ಲೈನಿನ ಸ್ಪೀಡ್ ಹೆಚ್ಚಿಸಿದ ವಾರವೇ ಈ ಟ್ರೇನಿಂಗೂ ಬಂತಂತೆ. ಎಂಥ ಕಾಕತಾಳೀಯ!)

ಅವನ ಪಟ್ಟಿ ಎರಡು ವಾರದಿಂದ ಕೆಂಪೇ. ಹೀಗೇ ಆದರೆ ಗೋದಾಮಿಗೆ ಹಾಕುತ್ತಾರೆ. ಗೋದಾಮಿಗೆ ಹೋದ ಯಾರೂ ಇದುವರೆಗೆ ಖಾಯಂ ಆಗಿಲ್ಲ. ಆ ಭಯಕ್ಕೆ ಇನ್ನಷ್ಟು ಕೆಂಪು. ಇವತ್ತು ರಜೆ, ಕಣ್ತುಂಬ ನಿದ್ದೆ ಮಾಡುತ್ತೇನೆ ಅಂದು ಇಳಿದು ಹೋದ.

ಕಟ್ಟಿಕೊಂಡೆ. ಜೋಳದ ರೊಟ್ಟಿ ಬಡಿಯುತ್ತ ಅಜ್ಜಿಯ ಬೀಸುವ ಪದ ಗುನುಗಿದೆ. ಅಚ್ಚ ಹಸಿರು! ಅಜ್ಜಿ ಒಂದು ಸಾಲನ್ನು ಒಂದೇ ಉಸಿರಿನಲ್ಲಿ, ಕಲ್ಲು ತಿರುಗಿದಷ್ಟು ಹೊತ್ತೂ ಎಳೆಯುತ್ತಿದ್ದಳು. ಅಂದರೆ ಆ ಟ್ರೇನಿಂಗು ನಮ್ಮ ಮನೆಯಲ್ಲಿ ಎಂದೋ ಆಗಿತ್ತು. ಉಸಿರನ್ನು ನಾನು ನಂಬುತ್ತೇನೆ. ದೂರದಲ್ಲಿ ಕೂತು ಅದನ್ನು ನೋಡುತ್ತಿರುವವರನ್ನು?

ಹನ್ನೆರಡಕ್ಕೆ ಬಸವರಾಜ ಮತ್ತೆ ಬಂದ. ಮೈಮೇಲೆ ಯೂನಿಫಾರ್ಮು, ಕಣ್ಣಲ್ಲಿ ಅರ್ಧ ನಿದ್ದೆ. ಸೂಪರ್‌ವೈಸರ್ ಫೋನ್ ಮಾಡಿದ್ದನಂತೆ. ಮರಾಠಿಯಲ್ಲಿ, ಬಹಳ ಅಕ್ಕರೆಯಿಂದ: ಬೆಳಿಗ್ಗೆಯಿಂದ ನಿನ್ನದು ಹಸಿರೇ ತೋರಿಸುತ್ತಿದೆ, ಒಳ್ಳೆಯ ರೆಸ್ಟ್ ಆದಂತಿದೆ, ಸೆಕೆಂಡ್ ಶಿಫ್ಟಿಗೆ ಜನ ಕಮ್ಮಿ, ಬಂದುಬಿಡು.

"ನೀವು ಅಷ್ಟ್ ಚಂದ ರೊಟ್ಟಿ ಬಡೀಬಾರದಿತ್ರಿ, ಅಕ್ಕಾರ."

ಪಟ್ಟಿ ಬಿಚ್ಚಿ ಕೊಟ್ಟೆ. ನಾಲ್ಕು ರೊಟ್ಟಿಯನ್ನೂ ಕಟ್ಟಿ ಕೊಟ್ಟೆ. ಮೆಟ್ಟಿಲು ಇಳಿಯುವಷ್ಟರಲ್ಲಿ ಅವನ ಕೈಯಲ್ಲಿ ಅದು ಕೆಂಪಾಗಿತ್ತು.

ಕೆಂಪಾದರೆ ಗೋದಾಮು. ಹಸಿರಾದರೆ ಭಾನುವಾರವೂ ಲೈನು. ಯಾವ ಬಣ್ಣ ಬಂದರೆ ಬಸವರಾಜ ಮನೆಯಲ್ಲಿ ಮಲಗಬಹುದು, ಹೇಳಿ?