ಆಯುಧಪೂಜೆಯ ದಿನ ಆರಿಸಿದ ಸ್ವಿಚ್ಚು

ಕಳೆದ ವರ್ಷ ದಸರಾ ಮುಗಿದ ಮೇಲೆ ಮೈಕ್ರೋಬಯಾಲಜಿ ವಿಭಾಗವೊಂದರ ಮುಖ್ಯಸ್ಥರು ನಮ್ಮ ಚಾಮರಾಜಪುರಂ ಮನೆಗೆ ಬಂದರು. "ಎಂ.ಎಸ್ಸಿ. ಮಕ್ಕಳಿಗೆ ಸಬ್ಜೆಕ್ಟ್ ಗೊತ್ತು ಮೇಡಂ, ಇಂಟರ್‌ವ್ಯೂನಲ್ಲಿ ಬಾಯೇ ಬಿಡಲ್ಲ. ನೀವು ಸ್ವಲ್ಪ ಇಂಗ್ಲಿಷ್ ಪಾಲಿಶ್ ಮಾಡಿಕೊಟ್ಟರೆ ಸಾಕು," ಎಂದರು. ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳನ್ನು ಜನ ಪಾಲಿಶ್ ಡಬ್ಬಿಯ ಹಾಗೆ ನೆನಪಿಟ್ಟುಕೊಂಡಿರುತ್ತಾರೆ. ಮನೆಯಲ್ಲಿ ಕೂತು ಬೇಜಾರಾಗಿತ್ತು, ಒಪ್ಪಿಕೊಂಡೆ.

ಮೊದಲ ಶನಿವಾರ, ಲ್ಯಾಬಿನಲ್ಲಿ ನೀವು ಮಾಡಿದ ಒಂದು ತಪ್ಪು ಹೇಳಿ ಎಂದೆ. ಒಬ್ಬೊಬ್ಬರಾಗಿ ಎದ್ದು "ಐ ಆ್ಯಮ್ ಎ ಪರ್ಫೆಕ್ಷನಿಸ್ಟ್, ಮ್ಯಾಮ್, ಅದೇ ನನ್ನ ವೀಕ್‌ನೆಸ್" ಎಂದರು. ಎಲ್ಲರೂ ಒಂದೇ ಯೂಟ್ಯೂಬ್ ವಿಡಿಯೋ ನೋಡಿದ್ದರು.

"ಇಷ್ಟೊಂದು ಪರ್ಫೆಕ್ಟ್ ಆಗಿರೋರಿಗೆ ನಾನೇನಪ್ಪ ಕಲಿಸಲಿ? ಮನೆಗೆ ಹೋಗಿ ಕಾಫಿ ಕುಡೀತೀನಿ," ಎಂದೆ. ಅವರು ನಕ್ಕರು.

ಆಗ ನನಗೆ ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಒಬ್ಬರು ನೆನಪಾದರು. ಕೊನೆಯ ಬೆಲ್ಲಿಗೆ ಮುಂಚೆ ನಮ್ಮನ್ನೆಲ್ಲ ಕಣ್ಣು ಮುಚ್ಚಿಸಿ, ಬೆಳಗಿನಿಂದ ಏನೇನು ಮಾಡಿದಿರಿ, ಹಿಂದಕ್ಕೆ ನೋಡಿಕೊಂಡು ಬನ್ನಿ ಎನ್ನುತ್ತಿದ್ದರು. ಹಣೆಗೆ ಕುಂಕುಮವಿಟ್ಟ ನಾನೂ ಶಿಲುಬೆಯ ಕೆಳಗೆ ಕೂತು ಹಾಗೆ ನೋಡಿಕೊಳ್ಳುತ್ತಿದ್ದೆ. ಅವರ ಬಿಳಿ ಉಡುಪಿನ ಗಂಜಿಯ ವಾಸನೆ ಈಗಲೂ ಮೂಗಿನಲ್ಲಿದೆ. ಈಗಿನವರು ಅದನ್ನು ರಿಫ್ಲೆಕ್ಷನ್ ಎಂದು ಕರೆದು ವರ್ಕ್‌ಶಾಪ್ ಮಾಡುತ್ತಾರೆ. ನಾನು ಬರೀ ಕಣ್ಣು ಮುಚ್ಚಿಸಿದೆ. "ಉತ್ತರ ಹುಡುಕಬೇಡಿ. ಏನು ನಡೀತು ಅನ್ನೋದನ್ನ ನೋಡಿ, ಸಾಕು."

ಕೆಲವು ವಾರ ಹೀಗೆ ನಡೆಯಿತು. ಶ್ರೀರಾಂಪುರದಿಂದ ಬರುತ್ತಿದ್ದ ಒಬ್ಬಳು ಹುಡುಗಿ ಮಾತ್ರ ಕಣ್ಣು ಮುಚ್ಚುತ್ತಲೇ ಇರಲಿಲ್ಲ. ತಂದೆಗೆ ಲೇತ್ ಮಷೀನಿನ ಪುಟ್ಟ ವರ್ಕ್‌ಶಾಪು. ನಂಜನಗೂಡು ರಸ್ತೆಯ ಆಹಾರ ಕಾರ್ಖಾನೆಯೊಂದರ ಲ್ಯಾಬಿನಿಂದ ಅವಳಿಗೆ ಸೋಮವಾರ ಇಂಟರ್‌ವ್ಯೂ ಬಂದಿತ್ತು. ಸಿಕ್ಕರೆ ಮನೆಯಲ್ಲಿ ಮೊದಲ ಸಂಬಳದ ಕೆಲಸ. ಅದರ ಹಿಂದಿನ ಶನಿವಾರ ಎಲ್ಲರೂ ಹೋದ ಮೇಲೂ ಅವಳು ಬೆಂಚಿನಿಂದ ಏಳಲಿಲ್ಲ.

"ಮ್ಯಾಮ್, ಅಲ್ಲಿ ತಪ್ಪಿನ ಬಗ್ಗೆ ಕೇಳೇ ಕೇಳ್ತಾರಂತೆ."

"ಕೇಳಲಿ ಬಿಡು. ಏನಾದರೂ ಸಣ್ಣದು ಹೇಳು."

"ಸಣ್ಣದು ನೆನಪಿಗೇ ಬರಲ್ಲ ಮ್ಯಾಮ್. ಕಣ್ಣು ಮುಚ್ಚಿದ್ರೆ ಅದೊಂದೇ ಬರುತ್ತೆ."

ಅವಳು ಹೇಳಿದ್ದು ಹೀಗೆ: ಆ ದಸರಾದಲ್ಲಿ, ಆಯುಧಪೂಜೆಯ ದಿನ ಲ್ಯಾಬಿನ ಉಪಕರಣಗಳಿಗೆಲ್ಲ ಇವಳೇ ಅರಿಶಿನ ಕುಂಕುಮ ಹಚ್ಚಿ ಹೂ ಇಟ್ಟಿದ್ದಳು. ಅಪ್ಪನ ಲೇತ್ ಪೂಜೆಯಾದ ಮೇಲೆ ಆ ದಿನ ತಿರುಗುವುದಿಲ್ಲ, ಯಂತ್ರಕ್ಕೆ ವಿಶ್ರಾಂತಿ. ಹುಟ್ಟಿದಾಗಿನಿಂದ ಕಂಡ ಆ ಪದ್ಧತಿಯ ಹಾಗೆ, ಹೊರಡುವಾಗ ಒಂದೊಂದೇ ಸ್ವಿಚ್ ಆರಿಸಿದಳು. ಡೀಪ್ ಫ್ರೀಜರಿನದೂ ಸೇರಿ. ಅದರೊಳಗೆ ಪಿಎಚ್.ಡಿ. ಮಾಡುತ್ತಿದ್ದ ಸೀನಿಯರ್ ಒಬ್ಬಳು ಕೂಡಿಟ್ಟ ಬ್ಯಾಕ್ಟೀರಿಯಾ ಸ್ಯಾಂಪಲ್‌ಗಳಿದ್ದವು.

"ರಜೆ ಮುಗಿದ ದಿನ ನಾನೇ ಫಸ್ಟ್ ಬಂದಿದ್ದೆ ಮ್ಯಾಮ್. ನೆಲದ್ ಮೇಲೆಲ್ಲ ನೀರು. ಆಗ ಗೊತ್ತಾಯ್ತು. ಬಟ್ಟೆ ತಗೊಂಡು ಒರೆಸ್ಬುಟ್ಟು, ಸ್ವಿಚ್ ಆನ್ ಮಾಡ್ಬುಟ್ಟೆ. ಸ್ಯಾಂಪಲ್ ಕೆಟ್ಟಿದ್ದು ಗೊತ್ತಾದಾಗ, ರಜೇಲಿ ಕರೆಂಟ್ ಹೋಗಿರ್ಬೇಕು ಅಂತ ಎಲ್ರೂ ಅಂದ್ರು. ನಾನೂ ಹೂಂ ಅಂದೆ."

ವಾರಗಟ್ಟಲೆ ಕಣ್ಣು ಮುಚ್ಚಿಸಿ ನಿಜವನ್ನು ನೋಡಿ ಎಂದವಳು ನಾನು. ಈಗ ನಿಜ ಬಂದು ಎದುರಿಗೆ ಕೂತಾಗ, ಓ ಗಾಡ್, ಇದನ್ನು ಅಲ್ಲಿ ಹೇಳಿದರೆ ಇವಳ ಕೆಲಸ ಹೋಯಿತಲ್ಲ ಎಂದಷ್ಟೇ ಹೊಳೆಯಿತು. ಮುಚ್ಚಿಟ್ಟವಳನ್ನು ಯಾವ ಆಹಾರದ ಲ್ಯಾಬು ನಂಬೀತು?

"ಹೇಳ್ಲಾ, ಬೇಡ್ವಾ ಮ್ಯಾಮ್?"

ಗೊತ್ತಿಲ್ಲ ಎನ್ನಬೇಕಿತ್ತು. ಬದಲಿಗೆ, "ಇದನ್ನ ಮೊದಲು ಕೇಳಿಸ್ಕೋಬೇಕಾದವಳು ನಿನ್ನ ಸೀನಿಯರ್ ಕಣಮ್ಮ, ಪಕ್ಕದ ರೂಮಲ್ಲೇ ಇದ್ದಾಳೆ. ಇಂಟರ್‌ವ್ಯೂನವರಿಗಿಂತ ಮುಂಚೆ ಅವಳಿಗೆ ಹೇಳು," ಎಂದೆ.

ಅವಳು ಎದ್ದಳು. ನಾನೂ ಹಿಂದೆ ಹೋಗಿ ಬಾಗಿಲಲ್ಲೇ ನಿಂತೆ.

ಸೀನಿಯರ್ ಐಸ್ ಬಾಕ್ಸಿನೊಳಗೆ ಟ್ಯೂಬುಗಳನ್ನು ಜೋಡಿಸುತ್ತಿದ್ದಳು. "ಬೇಗ ಹೇಳೇ, ಆ ಕಡೆ ಲ್ಯಾಬ್ ಬಾಗಿಲು ಹಾಕ್ಬುಡ್ತಾರೆ," ಎಂದಳು. ಹುಡುಗಿ ತಲೆ ಬಗ್ಗಿಸಿಕೊಂಡು ಹೇಳಿದಳು. ಸ್ವಿಚ್ಚು, ನೀರು, ಒರೆಸಿದ್ದು, ಹೂಂ ಅಂದದ್ದು, ಯಾವುದನ್ನೂ ಬಿಡಲಿಲ್ಲ. ಸೀನಿಯರ್ ಕೈಯಲ್ಲಿದ್ದ ಟ್ಯೂಬು ಹಾಗೇ ನಿಂತಿತು. ಬೈಯುತ್ತಾಳೆ, ಅಳುತ್ತಾಳೆ, ಮುಖ್ಯಸ್ಥರ ಹತ್ತಿರ ಓಡುತ್ತಾಳೆ ಎಂದು ನಾನು ಸೀರೆಯ ಸೆರಗನ್ನು ಹಿಂಡಿಕೊಂಡು ನಿಂತಿದ್ದೆ.

ಅವಳು ಕೇಳಿದ್ದು ಇಷ್ಟು: "ಹಂಗಾದ್ರೆ ಫ್ರೀಜರ್ ಸರಿಯಾಗಿದೆಯಾ?"

"ಸರಿಯಾಗೇ ಇದೆ ಅಕ್ಕ. ಮೊದ್ಲಿಂದ್ಲೂ."

"ಈ ಫ್ರೀಜರನ್ನೂ ಅದರ ಕರೆಂಟ್ ಲೈನನ್ನೂ ನಂಬೋ ಹಾಗಿಲ್ಲ ಅಂದ್ಕೊಂಡು, ಅವತ್ತಿಂದ ಈ ಡಬ್ಬ ಹೊತ್ಕೊಂಡು ಸ್ಕೂಟರಲ್ಲಿ ಊರು ದಾಟಿ ಇನ್ನೊಂದು ಲ್ಯಾಬಿಗೆ ಹೋಗ್ತಿದೀನಿ. ದಿನಾ ನೋಡ್ತಿದ್ಯಲ್ಲೇ ನೀನು. ಬಾಕ್ಸ್ ಎತ್ತಿ ಸ್ಕೂಟರ್ ಮೇಲೆ ಇಟ್ಟೂ ಕೊಟ್ಟಿದೀಯ."

ಹುಡುಗಿಗೆ ಅಳು ಬಂದದ್ದು ಆಗಲೇ. ಸ್ಯಾಂಪಲ್ ಹಾಳಾದದ್ದೇ ತನ್ನ ತಪ್ಪು ಎಂದುಕೊಂಡಿದ್ದಳು. ನಾನೂ ಅಷ್ಟೇ ತಿಳಿದಿದ್ದೆ. ನಾನು ಸಿಸ್ಟರ್ ಹತ್ತಿರ ಕಲಿತದ್ದು ಪಶ್ಚಾತ್ತಾಪ. ಈ ಸೀನಿಯರ್‌ಗೆ ಬೇಕಾಗಿದ್ದು ಕಾರಣ. ಕಾರಣ ಗೊತ್ತಿಲ್ಲದೆ ಅವಳು ಸರಿಯಾಗಿದ್ದ ಯಂತ್ರವನ್ನು ಅಷ್ಟು ದಿನ ಅನುಮಾನಿಸಿದ್ದಳು.

ಸೀನಿಯರ್ ಟ್ಯೂಬುಗಳನ್ನು ಮತ್ತೆ ಹಳೇ ಫ್ರೀಜರಿಗೆ ಜೋಡಿಸಿದಳು. ಹುಡುಗಿ ಸಹಾಯಕ್ಕೆ ಕೈ ಚಾಚಿದಾಗ, "ಮುಟ್ಬೇಡ," ಎಂದಳು, ದನಿ ಏರಿಸದೆ. "ಸೋಮವಾರ ಸರ್‌ಗೆ ನಾನೇ ಹೇಳ್ತೀನಿ. ನೀನು ಇಂಟರ್‌ವ್ಯೂ ಮುಗಿಸ್ಕೊಂಡು ಬಾ."

ಸೋಮವಾರ ಬೆಳಗ್ಗೆ ನನಗೆ ತಿಂಡಿ ಸೇರಲಿಲ್ಲ. ಫೋನನ್ನು ಅಡಿಗೆಮನೆಗೂ ಒಯ್ದು, ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಧ್ಯಾಹ್ನ ಫೋನು ಬಡಿದುಕೊಂಡಿತು.

"ಕೇಳಿದ್ರು ಮ್ಯಾಮ್. ಹೇಳ್ದೆ."

"ಎಲ್ಲಾನೂ?"

"ಎಲ್ಲಾನೂ. ಇಂಗ್ಲಿಷ್ ಅಲ್ಲಲ್ಲಿ ಕೈಕೊಡ್ತು. ನಂಗೆ ಎದ್ದು ಹೋಗ್ಬುಡೋಣ ಅನ್ನಿಸ್ತು. ಕೊನೇಗೆ ಒಬ್ರು ಮೇಡಂ, ಮುಂದಿನ ಆಯುಧಪೂಜೆಗೆ ಏನ್ ಮಾಡ್ತೀಯ ಅಂದ್ರು. ಪೂಜೆಗೆ ಮುಂಚೆ ಸ್ವಿಚ್ ಮೇಲೆ ಟೇಪ್ ಹಾಕ್ತೀನಿ ಮೇಡಂ, ಎಲ್ರ ಕೈಯಲ್ಲೂ ಕುಂಕುಮ ಇರುತ್ತೆ, ಯಂತ್ರಕ್ಕೆ ರಜೆ ಅಂತ ಯಾರ್ ಬೇಕಾದ್ರೂ ಆರಿಸ್ಬುಡ್ಬೋದು ಅಂದೆ. ನಕ್ಕರು. ಒಳ್ಳೆ ನಗೂನೋ ಕೆಟ್ಟ ನಗೂನೋ ಗೊತ್ತಾಗ್ಲಿಲ್ಲ."

ಒಳ್ಳೆಯ ನಗುವೇ ಇರಬೇಕು, ಕೆಲಸ ಸಿಕ್ಕಿತು. ವಿಭಾಗದ ಮುಖ್ಯಸ್ಥರು ಮಾತ್ರ ಇವಳನ್ನು ಕರೆಸಿ ಚೆನ್ನಾಗಿ ಬೈದರು, ನನಗೂ "ಪಾಲಿಶ್ ಜಾಸ್ತಿ ಆಯ್ತು ಮೇಡಂ" ಎಂದರು. ಸೀನಿಯರ್ ಆ ಸೆಮಿಸ್ಟರ್ ಮುಗಿಯುವವರೆಗೆ ಅವಳೊಂದಿಗೆ ಬೇಕಾದಷ್ಟೇ ಮಾತಾಡಿದಳು. ಎಲ್ಲವೂ ಮತ್ತೆ ಮೊದಲಿನಂತಾಯಿತು ಎಂದರೆ ಸುಳ್ಳು.

ಈ ದಸರಾಕ್ಕೆ ಹುಡುಗಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಳು. ಕಾರ್ಖಾನೆಯ ಲ್ಯಾಬಿನ ಫ್ರೀಜರು, ಬಾಗಿಲ ಮೇಲೆ ಕುಂಕುಮ, ಸೇವಂತಿಗೆ ಹೂ, ಸ್ವಿಚ್ಚಿನ ಮೇಲೆ ಅಡ್ಡಡ್ಡ ಕೆಂಪು ಟೇಪು. ಅದನ್ನೇ ಸೀನಿಯರ್‌ಗೂ ಕಳಿಸಿದೆಯಾ ಎಂದು ಕೇಳಿದೆ.

"ಕಳಿಸ್ದೆ ಮ್ಯಾಮ್. ಟೇಪ್ ಸ್ವಲ್ಪ ಸೊಟ್ಟಗಿದೆ ಅಂತ ರಿಪ್ಲೈ ಬಂತು."