ಕೈಜಮ್ಮ ಹೊಗಳಿದ ಬೀಡಿ

ವರ್ಕಾಡಿಯ ಕೈಜಮ್ಮ ನಲವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಾರೆ. ಬೇರೆಯವರು ಕಟ್ಟಿದ್ದನ್ನು ಒಮ್ಮೆಯೂ ಹೊಗಳಿದವರಲ್ಲ. ಮೊನ್ನೆ ಬೆಳಿಗ್ಗೆ ಬಾವಿಯ ತಣ್ಣೀರು ತಲೆಗೆ ಸುರಿದುಕೊಂಡು ಬಂದು ಬೀಡಿ ಮೊರದ ಮುಂದೆ ಕೂತವರು, "ಇವತ್ತು ಎಂತ ವಾರ?" ಎಂದರು. ಸೊಸೆ ನುಸ್ರತ್ ಹೇಳಿದಳು. ಎರಡೇ ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ. ಆಸ್ಪತ್ರೆಗೆ ಹೋಗಲು ಜೀಪು ಬರುವವರೆಗೂ ಕೇಳುತ್ತಲೇ ಇದ್ದರು. ಕೈ ಮಾತ್ರ ತನ್ನ ಪಾಡಿಗೆ ಎಲೆ ಸುರುಟಿ ನೂಲು ಬಿಗಿಯುತ್ತಿತ್ತು. ಅಳುತ್ತಿದ್ದ ನುಸ್ರತ್ ಆ ಕೈಯನ್ನೇ ನೋಡುತ್ತ ಅಳು ಮರೆತಳು.

"ಸ್ಟ್ರೋಕ್ ಅಲ್ಲ," ಎಂದರು ಡಾಕ್ಟರು. "ತಣ್ಣೀರು, ಆಯಾಸ, ದುಃಖ, ಯಾವುದರಿಂದಲೂ ಆಗಬಹುದು. ಪೂರ್ತಿ ನಮಗೂ ಗೊತ್ತಿಲ್ಲ. ತಾನಾಗಿ ಸರಿಯಾಗ್ತದೆ."

ಸಂಜೆಗೆ ನೆನಪು ಮರಳಿತು, ಆ ಬೆಳಗೊಂದನ್ನು ಬಿಟ್ಟು. ಮನೆಗೆ ಬಂದ ಕೈಜಮ್ಮ ಅದೇ ಮೊರದಿಂದ ಒಂದು ಬೀಡಿ ಎತ್ತಿ, ತಿರುಗಿಸಿ ತಿರುಗಿಸಿ ನೋಡಿದರು.

"ಇದು ಯಾರು ಕಟ್ಟಿದ್ದು ನುಸ್ರತ್? ಚಂದ ಉಂಟು!"